ಎರಡು ಎಮ್ಮೆಗೆ ಎರಡು ಅಂಕ

ಶಿಕ್ಷಕಿ ಮಂಗಲ ಬಾಯಾರು ನಗುವುದನ್ನು ಜುಗೂಳದ ಕನ್ನಡ ಶಾಲೆಯಲ್ಲಿ ನೋಡಿದವರಿದ್ದರು, ಕೇಳಿದವರಿರಲಿಲ್ಲ. ನಗು ಬಂದಾಗ ಅವರ ತುಟಿ ಬಿಗಿಯಾಗುತ್ತಿತ್ತು, ಭುಜ ಕುಣಿಯುತ್ತಿತ್ತು, ಮೂಗಿನ ತುದಿ ಕೆಂಪಗಾಗುತ್ತಿತ್ತು. ಸದ್ದು ಮಾತ್ರ ಇಲ್ಲ. ಹದಿನೆಂಟು ವರ್ಷ ನಾಲ್ಕನೆಯ ಇಯತ್ತೆಗೆ ಕಲಿಸಿದವರಿಗೆ ಈ ವಿದ್ಯೆ ಬೇಕೇ ಬೇಕು.

ಉತ್ತರ ಪತ್ರಿಕೆಗಳನ್ನು ಮನೆಗೆ ತಂದು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುವುದೇ ಅವರ ಹಬ್ಬ. ಗಾಳಿ ಕಣ್ಣಿಗೆ ಕಾಣುವುದೇ ಎಂದು ಕೇಳಿದರೆ, "ಕಬ್ಬಿನ ಟ್ರ್ಯಾಕ್ಟರ್ ಹೋದ ಮ್ಯಾಲ ಕಾಣತೈತಿ" ಎಂದು ಒಬ್ಬ ಬರೆದಿದ್ದ. ವರ್ಷದ ಮೂರು ಕಾಲಗಳು ಯಾವುವು ಎಂದರೆ ಇನ್ನೊಬ್ಬಳಿಗೆ ಹೊಳೆ ಬರುವ ಕಾಲ, ಹೊಳೆ ಇಳಿಯುವ ಕಾಲ, ಫ್ಯಾಕ್ಟರಿ ಚಾಲೂ ಆಗುವ ಕಾಲ. ಒಲೆಯ ಮೇಲೆ ಬೇಳೆ ಸೀದರೂ ಬಾಯಾರು ಏಳುತ್ತಿರಲಿಲ್ಲ.

೨೦೧೨ರ ಅರ್ಧವಾರ್ಷಿಕ ಪರೀಕ್ಷೆಯ ಕಟ್ಟಿನಲ್ಲಿ ಪ್ರಾಜಕ್ತಾಳ ಪತ್ರಿಕೆ ಕೈಗೆ ಬಂತು. ಹೊಳೆಯಾಚೆಯ ಮರಾಠಿ ಶಾಲೆ ಬಿಟ್ಟು ಜೂನಿನಲ್ಲಿ ಅಜ್ಜಿ ಅಕ್ಕುತಾಯಿಯ ಮನೆಗೆ ಬಂದ ಹುಡುಗಿ. ಮಾತು ಪಟಪಟ ಕನ್ನಡ, ಅಕ್ಷರ ಮಾತ್ರ ಹೊಸದು. ಅಲ್ಲಿಯವರೆಗಿನ ಎಲ್ಲ ಪರೀಕ್ಷೆಗಳಲ್ಲಿ ಮೇಲೆ ಹೆಸರೊಂದನ್ನೇ, ಅದೂ ಮರಾಠಿಯಲ್ಲಿ, ಬರೆದು ಖಾಲಿ ಹಾಳೆ ಕೊಟ್ಟಿದ್ದಳು. ಈ ಸಲ ಹಾಳೆ ತುಂಬಿತ್ತು. ಓದುವ ಮೊದಲು ಬಾಯಾರು ಪೆನ್ಸಿಲ್ ಒತ್ತಿ ಉಬ್ಬಿದ್ದ ಹಿಂಬದಿಯನ್ನು ಬೆರಳಿಂದ ಸವರಿದರು.

ನಿಮ್ಮ ಮನೆಯ ಪೂರ್ವಕ್ಕೆ ಏನಿದೆ? "ಮುಂಜಾನಿ ಎಮ್ಮಿ. ಸಂಜಿಗಿ ಏನೂ ಇಲ್ಲ."

ಮನೆಗೆ ಬೆಂಕಿ ಬಿದ್ದರೆ ಮೊದಲು ಏನು ಮಾಡುವೆ? "ನಾ ಹಚ್ಚಿಲ್ಲ ಅಂತ ಅಜ್ಜಿಗೆ ಹೇಳತೇನಿ."

ಭುಜ ಕುಣಿಯತೊಡಗಿತು. ಅಷ್ಟರಲ್ಲಿ ಮುಂದಿನದು ಬಂತು. ಹಾಲು ಕೊಡುವ ಎರಡು ಪ್ರಾಣಿಗಳನ್ನು ಹೆಸರಿಸು. "ನಮ್ಮ ಎಮ್ಮಿ. ಭರಮು ಕಾಕಾನ ಎಮ್ಮಿ. ಆದ್ರ ಅದು ಅರ್ಧ ನೀರ ಕೊಡತೈತಿ."

ಕುಣಿತ ನಿಂತಿತು. ಭರಮು ಊರಿಗೆಲ್ಲ ಹಾಲು ಹಾಕುವವನು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷನೂ ಅವನೇ. ಪಾಲಕರ ಸಭೆಯಲ್ಲಿ ಪ್ರತಿ ಮಗುವೂ ತನ್ನ ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು, ಅಧ್ಯಕ್ಷರು ಕೆಳಗೆ ಸಹಿ ಹಾಕಬೇಕು. ಅದು ಈ ಶಾಲೆಯ ರೂಢಿ.

ಹೆಡ್ ಮಾಸ್ತರ ವಿರುಪಾಕ್ಷಪ್ಪನವರು ಪತ್ರಿಕೆ ಓದಿ ಕನ್ನಡಕ ತೆಗೆದರು. "ಬಾಯಾರ, ಇದನ್ನ ತಳಕ್ಕ ಇಡ್ರಿ. ಅಧ್ಯಕ್ಷರು ಸಿಟ್ಟಾದ್ರ ನಮ್ಮ ಕಂಪೌಂಡ್ ಗ್ವಾಡಿ ಮೊಣಕಾಲಮಟಾನ ನಿಲ್ಲತೈತಿ."

"ಮುಚ್ಚಿಟ್ಟರ ಹುಡುಗಿ ಮತ್ತ ಪೆನ್ಸಿಲ್ ಹಿಡಿಯೂದಿಲ್ಲರಿ ಸರ್."

"ಹಂಗಾರ ಆ ಒಂದ ಸಾಲು ಹೊಡದ್ ಹಾಕ್ರಿ."

ಬಾಯಾರು ಕೆಂಪು ಪೆನ್ನು ಹಿಡಿದು ಆ ಸಾಲಿನ ಮೇಲೆ ತುಸು ಹೊತ್ತು ಆಡಿಸಿದರು. ಕೊನೆಗೆ ಪಕ್ಕದಲ್ಲಿ ಎರಡು ಅಂಕ ಬರೆದರು.

ಶನಿವಾರ ಮುಂಜಾನೆ ಸಭೆ. ಮುಂದಿನ ಕುರ್ಚಿಯಲ್ಲಿ ಭರಮು, ಜಮಖಾನೆಯ ಮೇಲೆ ಅಕ್ಕುತಾಯಿ. ಎರಡು ಜಡೆಯ ಪ್ರಾಜಕ್ತಾ ಒಂದೊಂದೇ ಅಕ್ಷರ ಹಿಡಿದು ಓದತೊಡಗಿದಳು. ಬೆಂಕಿಯ ಉತ್ತರ ಬಂದಾಗ ಅಜ್ಜಿ ಕುಳಿತಲ್ಲಿಂದಲೇ, "ಬಣವಿ ಸುಟ್ಟಾಗೂ ಹಿಂಗ ಅಂದಿದ್ದಿ ಬೇ," ಎಂದಳು. ಸಭೆ ಗೊಳ್ಳೆಂದಿತು. ಹುಡುಗಿ ಹಾಳೆ ತಿರುವಿದಳು.

ಸಾಕು, ಕುಂದರು ಎಂದರೆ ಮುಗಿಯುತ್ತಿತ್ತು. ಆ ಮಾತು ಬಾಯಾರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಪ್ರಾಜಕ್ತಾಳ ಮುಖ ಅಷ್ಟು ಬೆಳಗಿದ್ದನ್ನು ಅವರು ಕಂಡಿರಲಿಲ್ಲ. ಅವಳು ಎಮ್ಮೆಗಳೆರಡನ್ನೂ ಓದಿದಳು, ನೀರನ್ನೂ ಬಿಡಲಿಲ್ಲ.

ಹೆಡ್ ಮಾಸ್ತರರು ತಿರುಗದೆ ನಿಂತ ಫ್ಯಾನನ್ನು ನೋಡತೊಡಗಿದರು. ಭರಮು ಟೋಪಿ ತೆಗೆದು ಅದರೊಳಗೊಮ್ಮೆ ಇಣುಕಿ ಮತ್ತೆ ತಲೆಗಿಟ್ಟುಕೊಂಡ.

"ಬಾಯಾರ, ಈ ಉತ್ತರಕ್ಕ ಎಷ್ಟ ಕೊಟ್ಟೀರಿ?"

"ಎರಡಕ್ಕ ಎರಡ್ರಿ."

"ತಪ್ಪೈತಿ. ಒಂದ ಕಡಿಮಿ ಮಾಡ್ರಿ. ನೀರ ಎಮ್ಮಿ ಹಾಕಂಗಿಲ್ಲ, ನಾ ಹಾಕತೇನಿ."

ಅಕ್ಕುತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮ ಚಹಾಕ್ಕ ಎಂದೋ ಗೊತ್ತಿತ್ತಪಾ ಭರಮು," ಎಂದಾಗ ಜಮಖಾನೆ ತುಂಬ ನಗೆ ಉರುಳಾಡಿತು.

ಪ್ರಾಜಕ್ತಾ ಒಬ್ಬಳೇ ನಗಲಿಲ್ಲ. ಪತ್ರಿಕೆಯನ್ನು ಎದೆಗವಚಿಕೊಂಡಿದ್ದಳು. "ಒಂದ ಯಾಕ ಕಡಿಮಿರಿ ಕಾಕಾ? ನೀರ ಯಾರ ಹಾಕ್ತಾರ ಅಂತ ಪ್ರಶ್ನಿಯೊಳಗ ಕೇಳಿಲ್ಲಲ್ರಿ."

ಆಗ ಮಂಗಲ ಬಾಯಾರ ತುಟಿ ಬಿಚ್ಚಿತು. ಹದಿನೆಂಟು ವರ್ಷ ತಡೆದಿಟ್ಟಿದ್ದ ನಗು ಕಿಟಕಿಯಾಚೆಗೆ ಹೋಗಿ, ಬಯಲಲ್ಲಿ ಆಡುತ್ತಿದ್ದ ಮಕ್ಕಳನ್ನೆಲ್ಲ ಬಾಗಿಲಿಗೆ ಎಳೆತಂದಿತು. ಭರಮು ಆ ಎರಡು ಅಂಕದ ಕೆಳಗೇ ಸಹಿ ಹಾಕಿದ. ನಗುತ್ತ ಹಾಕಿದ್ದರಿಂದ ಅದು ಸೊಟ್ಟಗಾಯಿತು.

ವಾರ್ಷಿಕ ಪರೀಕ್ಷೆಯ ದಿನ ಮುಗಿಯುವ ಗಂಟೆಗೆ ಇನ್ನೂ ಕಾಲು ತಾಸಿತ್ತು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ಬಾಯಾರ," ಎಂದಳು ಪ್ರಾಜಕ್ತಾ, "ಇನ್ನೊಂದ ಹಾಳಿ ಕೊಡ್ರಿ."