ಮೊದಲ ರೀಲ್ ಮುಗಿದಾಗ ಎದ್ದು ಹೋದವರು

೨೦೨೪ರ ಫೆಬ್ರುವರಿ ೧೧, ಭಾನುವಾರ, ಸಂಜೆ ನಾಲ್ಕು ಗಂಟೆ. ಪುಣೆಯ ಖಾಸಗಿ ಚಲನಚಿತ್ರ ಸಂಗ್ರಹವೊಂದರಲ್ಲಿ ಹಳೆಯ ಪ್ರಿಂಟ್ ಪರೀಕ್ಷಿಸುವ ಕೆಲಸಕ್ಕೆ ಸೇರಿ ನನಗೆ ಎರಡನೇ ವರ್ಷ. ತಿಂಗಳಿಗೊಮ್ಮೆ ೧೬ ಎಂಎಂ ಪ್ರೊಜೆಕ್ಟರ್ ಒಯ್ದು ಹೊರಗೆ ಚಿತ್ರ ತೋರಿಸುವುದೂ ನನ್ನ ಪಾಲಿಗಿತ್ತು. ಅಂದು ಹೋದದ್ದು ಧನಕವಡಿಯಾಚೆಗಿನ ಕಟ್ಟಡ ಕಾರ್ಮಿಕರ ವಸತಿಗೆ. ಹೆಚ್ಚಿನವರು ಯಾದಗಿರಿ ಕಡೆಯವರು. ಇಂಗ್ಲಿಷ್ ಮಾತನ್ನು ಪರದೆಯ ಪಕ್ಕ ನಿಂತು ಮೈಕಿನಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದೆ.

ಅದೊಂದು ಹಳೆಯ ಕಪ್ಪು-ಬಿಳುಪು ಬ್ರಿಟಿಷ್ ಅಪರಾಧ ಚಿತ್ರ. ಬಟ್ಟೆ ಒಗೆಯುವ ಕೆಲಸದ ಹೆಂಗಸೊಬ್ಬಳು ಕಿಟಕಿಯಿಂದ ಕೊಲೆ ನೋಡುತ್ತಾಳೆ. ಪೊಲೀಸರು ಆಕೆಯನ್ನು ಸಮುದ್ರದಂಡೆಯ ಬಾಡಿಗೆ ಕೋಣೆಯಲ್ಲಿ ಅಡಗಿಸಿಡುತ್ತಾರೆ. ಕೊಲೆಗಾರ ಅಲ್ಲಿಗೂ ಬರುತ್ತಾನೆ. ಬಾಗಿಲ ಹಿಡಿಕೆ ತಿರುಗುತ್ತದೆ. ಮೊದಲ ರೀಲ್ ಮುಗಿಯುವುದು ಸರಿಯಾಗಿ ಅಲ್ಲಿಗೆ. ಇದ್ದದ್ದು ಒಂದೇ ಪ್ರೊಜೆಕ್ಟರ್, ಹಾಗಾಗಿ ರೀಲ್ ಬದಲಿಸಲು ವಿರಾಮ ಕೊಟ್ಟೆ.

ಶೆಡ್ಡಿನ ದೀಪ ಹತ್ತಿತು. ಹೊರಗಿನಿಂದ ಯಾರೋ, "ನಳ ಬಂತ್ರವಾ!" ಎಂದು ಕೂಗಿದರು. ವಿರಾಮಕ್ಕೆ ಮುಂಚೆ ನಲವತ್ತಾರು ಜನ, ಆಮೇಲೆ ಹತ್ತೊಂಬತ್ತು. ಹೆಂಗಸರೆಲ್ಲ ಕೊಡ ಹಿಡಿದು ನೀರಿಗೆ ಓಡಿದರು, ಒಬ್ಬರೂ ಉಳಿಯಲಿಲ್ಲ.

ಚಿತ್ರ ಮುಗಿಸಿ ರೀಲಿನ ಡಬ್ಬಿ ಹಿಡಿದು ಹೊರಟಾಗಲೂ ನಳದ ಮುಂದೆ ಸಾಲಿತ್ತು. ಚಿತ್ರ ನೋಡುವಾಗ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಮಹಾದೇವಿ ಕೇಳಿದಳು: "ಏನ್ರಿ ಸಿನಿಮಾದಕ್ಕ, ಆಕಿನ್ನ ಕೊಂದೇ ಬಿಟ್ರೇನು?"

"ಇಲ್ಲ, ಬದುಕಿದಳು."

"ಸುಳ್ಳ ಹೇಳಬ್ಯಾಡ್ರಿ. ಕಂಡದ್ದು ಹೇಳಾಕಿನ್ನ ಯಾರ್ ಬಿಡ್ತಾರ?"

ಆಕೆಯ ನೆರೆಯ ರತ್ನವ್ವ ತಗ್ಗಿದ ದನಿಯಲ್ಲಿ ವಿವರಿಸಿದಳು. ಶಿವಪ್ಪ ಎಂಬ ಕೂಲಿಯವನು ನಾಲ್ಕನೇ ಮಹಡಿಯಿಂದ ಬಿದ್ದು ಆಸ್ಪತ್ರೆಯಲ್ಲಿದ್ದ. ಕುಡಿದಿದ್ದ, ಕೊಟ್ಟ ಸುರಕ್ಷಾ ಬೆಲ್ಟ್ ಕಟ್ಟಿಕೊಳ್ಳಲಿಲ್ಲ ಎಂದು ಕೂಲಿಯವರ ಮೇಲ್ವಿಚಾರಕ ಮುಕಾದಮ ಹೇಳುತ್ತಿದ್ದ. ಶಿವಪ್ಪ ಬೆಲ್ಟ್ ಕೇಳಿದ್ದನ್ನೂ ಮುಕಾದಮ ಇಲ್ಲವೆಂದದ್ದನ್ನೂ ಕೇಳಿಸಿಕೊಂಡವಳು ಮಹಾದೇವಿ ಒಬ್ಬಳೇ. ಮರುದಿನ ಕಾರ್ಮಿಕ ಅಧಿಕಾರಿ ಹೇಳಿಕೆ ಪಡೆಯುವವರಿದ್ದರು. ಹಿಂದಿನ ಸಂಜೆ ಮುಕಾದಮ ಆಕೆಯ ಶೆಡ್ಡಿನ ಬಾಗಿಲಿಗೆ ಬಂದು ಸುಮ್ಮನೆ ನಿಂತು ಹೋಗಿದ್ದ.

"ಸಿನಿಮಾ ಸುಳ್ಳಂತ ನನಗೂ ಗೊತ್ತದರಿ," ಎಂದಳು ಮಹಾದೇವಿ. "ಬಾಗಲಕ್ಕ ಬಂದು ನಿಂದ್ರೂದು ಸುಳ್ಳಲ್ಲ."

ಡಬ್ಬಿ ಕೆಳಗಿಟ್ಟು ಉಳಿದ ಕಥೆ ಹೇಳಿದೆ. ಚಿತ್ರದ ಹೆಂಗಸು ಕಿರುಚುತ್ತಾಳೆ. ಆ ಮನೆಯ ಬಾಡಿಗೆದಾರರೆಲ್ಲ ಒಬ್ಬೊಬ್ಬರಾಗಿ ಹೊರಬಂದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಯಾರ ಕೈಯಲ್ಲೂ ಏನೂ ಇಲ್ಲ. ಕೊಲೆಗಾರನಿಗೆ ಮಾತ್ರ ಇಳಿದು ಹೋಗಲು ದಾರಿಯಿಲ್ಲ.

"ಆ ಮಂದಿ ಆಕಿಗೆ ಏನಾಗ್ಬೇಕ್ರಿ?"

"ಏನೂ ಇಲ್ಲ. ಒಂದೇ ಮನೆಯಲ್ಲಿದ್ದವರು, ಅಷ್ಟೇ."

ರತ್ನವ್ವ ಕೊಡ ಎತ್ತಿದಳು. "ನಮ್ಮ ಶೆಡ್ಡಿಗೆ ಮೆಟ್ಟಲಾ ಎಲ್ಲೈತವಾ? ನಾವೆಲ್ಲಿ ನಿಂದ್ರೂಣು?" ಸಾಲೆಲ್ಲ ನಕ್ಕಿತು. ಮಹಾದೇವಿ ನಗಲಿಲ್ಲ.

ಸೋಮವಾರ ಅರ್ಧ ದಿನ ರಜೆ ಹಾಕಿ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದೆ. ಮಹಾದೇವಿ ಒಳಗೆ ಹೇಳಿಕೆ ಕೊಡುತ್ತಿದ್ದಳು. ಕಚೇರಿಯ ಮೆಟ್ಟಿಲ ಮೇಲೆ, ಕೂಲಿ ಬಿಟ್ಟು, ರತ್ನವ್ವನೂ ನಳದ ಸಾಲಿನ ಎಂಟು ಹೆಂಗಸರೂ ರೊಟ್ಟಿ ಗಂಟು ಬಿಚ್ಚಿ ಕೂತಿದ್ದರು. ಮುಕಾದಮ ಎದುರಿನ ಚಹಾದಂಗಡಿಯವರೆಗೆ ಬಂದ, ಮೆಟ್ಟಿಲು ಹತ್ತಲಿಲ್ಲ. ಶಿವಪ್ಪ ಬೆಲ್ಟ್ ಕೇಳಿದ್ದ ಎಂಬುದು ದಾಖಲಾಯಿತು. ಮರುವಾರ ಮಹಾದೇವಿಯ ಕೆಲಸ ಹೋಯಿತು. ರತ್ನವ್ವನೇ ಆಕೆಯನ್ನು ಊರಿನ ಇನ್ನೊಂದು ತುದಿಯ ನಿಗಡಿಯ ಕಟ್ಟಡವೊಂದಕ್ಕೆ ಕೆಲಸಕ್ಕೆ ಸೇರಿಸಿದಳು.

ಈಗ ನಾನು ಪ್ರದರ್ಶನದ ವೇಳೆ ಗೊತ್ತುಮಾಡುವ ಮೊದಲು ನಳ ಎಷ್ಟು ಗಂಟೆಗೆ ಬರುತ್ತದೆಂದು ಕೇಳುತ್ತೇನೆ. ಅರ್ಧಕ್ಕೆ ಎದ್ದು ಹೋದವರು ಅರ್ಧ ಕಥೆಯನ್ನೇ ಮನೆಗೆ ಒಯ್ಯುತ್ತಾರೆ. ಕೆಲಸ ಕಲಿಸಿದ್ದು ಇಷ್ಟು.

ಮೊನ್ನೆ ನಿಗಡಿಯಿಂದ ಮಹಾದೇವಿ ಫೋನ್ ಮಾಡಿದ್ದಳು. "ಸಿನಿಮಾದಕ್ಕ, ಇಲ್ಲಿ ಹೆಂಗಸರಿಗೆಲ್ಲ ಆ ಸಿನಿಮಾದ ಕಥಿ ಹೇಳೀನಿ. ಹೆಸರೇನ್ರಿ ಅದರದ?"

ನನಗೆ ಗೊತ್ತಿಲ್ಲ. ಹೆಸರು ಬರುವ ಮೊದಲ ತುಂಡು ನಮ್ಮ ಪ್ರಿಂಟ್‌ನಲ್ಲಿ ಹರಿದುಹೋಗಿದೆ. ಕಿಟಕಿಯ ಹೆಂಗಸು, ತಿರುಗುವ ಹಿಡಿಕೆ, ಮೆಟ್ಟಿಲ ಮೇಲೆ ಬರಿಗೈಲಿ ನಿಂತ ಜನ. ಯಾರಾದರೂ ನೋಡಿದ್ದರೆ, ದಯವಿಟ್ಟು ಬರೆದು ತಿಳಿಸಿ. ಆಕೆಗೆ ಹೇಳಬೇಕಾಗಿದೆ.