ನೀಲಾ ಕುಡಿದ ನೀರು

ನಾನು ನಿಂತಿದ್ದದ್ದು ನಮ್ಮ ವಠಾರದ ಬಟ್ಟೆ ಒಗೆಯುವ ಕಲ್ಲಿನ ಎಡಗಡೆ, ದಾಸವಾಳದ ಗಿಡಕ್ಕೆ ಮುಖ ಮಾಡಿ. ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಒಂದು ವಾರ ಮುಂಚಿನ ಗರಿಗಳ ಭಾನುವಾರದ ಮರುದಿನ, ಸೋಮವಾರ, ಮಧ್ಯಾಹ್ನದ ಊಟ ಆದ ಮೇಲೆ. ನಾನಾಗ ಆರನೇ ಕ್ಲಾಸು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕಂಡದ್ದನ್ನು ಹೇಳುವಾಗ ನನ್ನ ಹೊಟ್ಟೆಕಿಚ್ಚು ನಡುವೆ ಬಾಯಿ ಹಾಕುತ್ತದೆ ಎಂದು ನನಗೆ ಗೊತ್ತು. ಆದರೆ ನಿಂತ ಜಾಗ, ನೋಡಿದ ದಿಕ್ಕು, ಇವೆರಡರಲ್ಲಿ ಅದಕ್ಕೆ ಕೈಯಾಡಿಸಲು ಬರುವುದಿಲ್ಲ.

ಆಗೆಲ್ಲ ಚಾಮರಾಜಪೇಟೆಯಲ್ಲಿ ಇಂಥ ವಠಾರಗಳು ಬೇಕಾದಷ್ಟಿದ್ದವು. ಎದುರುಬದುರು ಮನೆಗಳ ಸಾಲು, ನಡುವೆ ಒಂದು ಅಂಗಳ, ಎಲ್ಲರಿಗೂ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ನಮ್ಮದರಲ್ಲಿ ಚರ್ಚಿಗೆ ಹೋಗುತ್ತಿದ್ದವರು ನಾವು ಮಾತ್ರ. ಪಕ್ಕದ ಮನೆ ಗುರಮ್ಮಜ್ಜಿಯದು. ಅವರು ಲಿಂಗಾಯತರು. ಅಜ್ಜಿಯ ಮೊಮ್ಮಗಳು ನೀಲಾ ನನ್ನದೇ ಕ್ಲಾಸು, ನನ್ನದೇ ಬೆಂಚು.

ನಮ್ಮ ಮನೆಯಲ್ಲಿ ದೊಡ್ಡಮ್ಮ ಇದ್ದಳು. ಹೆಸರು ಜ್ಞಾನಮ್ಮ, ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಉಳಿದವಳು. ಅವಳಿಗೆ ಮನೆಗೆಲಸಕ್ಕಿಂತ ದೊಡ್ಡದಾದ ಒಂದು ಕೆಲಸವಿತ್ತು. ವಾರವಾರವೂ ಚರ್ಚಿನ ಪೀಠದ ಬಟ್ಟೆಗಳನ್ನು ಮನೆಗೆ ತಂದು ಒಗೆದು, ಗಂಜಿ ಹಾಕಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ತೀಡಿ ಕೊಡುವುದು. ನಾವು ಅವನ್ನು ದೇವರ ಬಟ್ಟೆ ಎನ್ನುತ್ತಿದ್ದೆವು. ಪೂಜೆಯಲ್ಲಿ ಪ್ರಸಾದದ ತಟ್ಟೆಯ ಕೆಳಗೆ ಹಾಸುವ ಚೌಕದ ಬಿಳಿ ಬಟ್ಟೆ, ಪೂಜಾಪಾತ್ರೆಯನ್ನು ಒರೆಸುವ ಸಣ್ಣ ಬಟ್ಟೆಗಳು, ಎಲ್ಲಕ್ಕೂ ಮೂಲೆಯಲ್ಲಿ ಕೆಂಪು ದಾರದ ಪುಟ್ಟ ಶಿಲುಬೆ.

ಚರ್ಚಿನ ಗುರುಗಳು ಪೂಜೆಯಲ್ಲಿ ಸ್ವಾಮಿ ಹೇಳಿದ್ದ ಮಾತುಗಳನ್ನು ಹೇಳಿದ ಮೇಲೆ ಪ್ರಸಾದದ ರೊಟ್ಟಿ ರೊಟ್ಟಿಯಾಗಿ ಉಳಿಯುವುದಿಲ್ಲ, ಸ್ವಾಮಿಯೇ ಆಗುತ್ತದೆ ಎಂಬುದು ನಮ್ಮ ನಂಬಿಕೆ. ಅದರ ಒಂದು ಪುಡಿ ಬಟ್ಟೆಯ ಎಳೆಯಲ್ಲಿ ಉಳಿದಿರಬಹುದು. ಹಾಗಾಗಿ ಬಟ್ಟೆಯನ್ನು ಅದ್ದಿದ ಮೊದಲನೇ ನೀರು ಮೋರಿಗೆ ಹೋಗಕೂಡದು. ದೊಡ್ಡಮ್ಮ ಅದಕ್ಕೆಂದೇ ಒಂದು ಹಿತ್ತಾಳೆಯ ಬೋಗುಣಿ ಇಟ್ಟಿದ್ದಳು. ಆ ನೀರನ್ನು ಯಾರೂ ತುಳಿಯದ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು. ಗಂಟು ಬಿಚ್ಚಿದಾಗಿನಿಂದ ನೀರು ಸುರಿಯುವವರೆಗೆ ಮಾತಿಲ್ಲ. ಸೋಪು, ನೀಲಿ, ಹರಟೆ ಎಲ್ಲ ಎರಡನೇ ನೀರಿನಿಂದ.

ಆ ಬಟ್ಟೆಗೆ ಕೈ ಹಾಕಬೇಕು ಎಂಬುದು ಆ ವರ್ಷ ನನ್ನ ಒಂದೇ ಆಸೆಯಾಗಿತ್ತು. ಹುಡುಗರಾದರೆ ಪೀಠದ ಹತ್ತಿರ ಗಂಟೆ ಬಾರಿಸುತ್ತಿದ್ದರು, ಧೂಪ ಹಿಡಿಯುತ್ತಿದ್ದರು. ನಮಗೆ ಪೀಠದ ಮುಂದಿನ ಕಟಕಟೆಯ ಈಚೆ ಮಾತ್ರ. ಪೀಠದ ಮೇಲಿನದು ಯಾವುದಾದರೂ ಹುಡುಗಿಯ ಕೈಗೆ ಬರುವುದಿದ್ದರೆ ಅದು ಈ ಬಟ್ಟೆ ಒಂದೇ.

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರವೇ ದೊಡ್ಡಮ್ಮ ಹೇಳಿದ್ದಳು. "ಪಾಸ್ಕದ ಪೂಜೆ ಬಟ್ಟೆ ಈ ಸಲ ನಿನ್ನ ಕೈಲಿ ಒಗಿಸ್ಬೇಕು ಅಂತಿದೀನಿ, ಲೂರ್ದು. ಅಲ್ಲೀವರ್ಗೂ ಬಾಯಿ ಮುಚ್ಕೊಂಡಿರೋದು ಕಲಿ."

"ಈಗ್ಲೇ ಮುಚ್ಕೊಂಡಿದೀನಲ್ಲ ದೊಡ್ಡಮ್ಮ."

"ನಿನ್ನ ಬಾಯಿಗೆ ಬೀಗ ಹಾಕಿದ್ರೆ ಬೀಗಾನೇ ಮಾತಾಡುತ್ತೆ."

ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ಉಪವಾಸದ ತಪಸ್ಸು ಕಾಲ ಎಂದರೆ ನಮ್ಮ ಮನೆಯಲ್ಲಿ ಹುರುಳಿ ಸಾರಿನ ವಾಸನೆ. ದೊಡ್ಡಮ್ಮ ಕಾಫಿ ಬಿಡುತ್ತಿದ್ದಳು, ಮಧ್ಯಾಹ್ನದ ಹೊತ್ತಿಗೆ ತಲೆನೋವೆಂದು ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಶಾಲೆಯ ಗೇಟಿನ ಹತ್ತಿರ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಮಾರುತ್ತಿದ್ದರು. ನಾನು ಅದನ್ನು ಬಿಟ್ಟಿದ್ದೆ, ಬಿಟ್ಟಿದ್ದೇನೆಂದು ಕ್ಲಾಸಿಗೆಲ್ಲ ಸಾರಿದ್ದೆ. ಶುಕ್ರವಾರ ಸಂಜೆ ಶಿಲುಬೆ ಹಾದಿ, ಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಚಿತ್ರಗಳ ಮುಂದೆ ನಿಂತು ನಿಂತು ಪ್ರಾರ್ಥನೆ. ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿ, ಸಾಂಬ್ರಾಣಿ ಹೊಗೆಯಲ್ಲಿ ಚರ್ಚು ಗುರುತೇ ಸಿಗದಂತೆ ಆಗುತ್ತಿತ್ತು. ಒಂದು ಶುಕ್ರವಾರ ನೀಲಾ ನಮ್ಮ ಜೊತೆ ಬಂದಳು. ಪ್ರತಿ ನಿಲುಗಡೆಯಲ್ಲೂ ಕಲ್ಲುನೆಲದ ಮೇಲೆ ಮಂಡಿ ಊರಬೇಕು. ನಾನು ಮೂರನೆಯದಕ್ಕೇ ಬೆಂಚಿಗೆ ಒರಗಿದೆ. ನೀಲಾ ಕೊನೆಯವರೆಗೂ ಕೈಮುಗಿದು ನೆಟ್ಟಗೆ ಇದ್ದಳು. ಹೊರಗೆ ಬಂದಾಗ ದೊಡ್ಡಮ್ಮ ಅವಳ ಮಂಡಿಯ ಧೂಳು ಕೊಡವಿದಳು. ನನ್ನ ಮಂಡಿಯಲ್ಲಿ ಧೂಳೇ ಇರಲಿಲ್ಲ.

ನೀಲಾಳದು ಎಲ್ಲವೂ ಹಾಗೆಯೇ. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿಯುತ್ತಿರಲಿಲ್ಲ, ಮಾತು ಕಡಿಮೆ. ದೊಡ್ಡಮ್ಮ ದೇವರ ಬಟ್ಟೆಗೆ ಕೂರುವಾಗ ನಲ್ಲಿಯಿಂದ ನೀರು ಹಿಡಿದು ಬೋಗುಣಿ ತುಂಬುವ ಕೆಲಸವನ್ನು ಅವಳಿಗೇ ಕೊಡಲು ಶುರು ಮಾಡಿದ್ದಳು.

"ಅವಳಿಗೆ ಜ್ಞಾನಸ್ನಾನಾನೇ ಆಗಿಲ್ಲ" ಎಂದೆ ನಾನು.

"ನೀರು ತುಂಬ್ಸೋಕೆ ಜ್ಞಾನಸ್ನಾನ ಯಾಕೆ? ರಟ್ಟೆ ಇದ್ರೆ ಸಾಕು."

ಕೊನೆಗೆ ನಾನು ನೀಲಾಳಿಗೆ ನನ್ನ ದೊಡ್ಡಸ್ತಿಕೆ ತೋರಿಸಿದೆ. "ನೀನು ತುಂಬೋದು ಬರೀ ನೀರು ಕಣೆ. ಬಟ್ಟೆ ಅದ್ದಿದ್ಮೇಲೆ ಅದರಲ್ಲಿ ನಮ್ಮ ದೇವರೇ ಇರ್ತಾನೆ. ಮುಟ್ಟೋದು ನಾವೇ."

ಅವಳು ಕಣ್ಣರಳಿಸಿ ಕೇಳಿದಳು. "ನಿಜವಾಗ್ಲೂ ಇರ್ತಾನಾ?"

"ನಿಜವಾಗ್ಲೂ."

ಅವಳ ಮನೆಯ ರೀತಿಯನ್ನು ಇಲ್ಲಿ ಹೇಳಬೇಕು. ಗುರಮ್ಮಜ್ಜಿ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದು ಪೂಜೆ ಮಾಡಿ, ಅಂಗೈಯ ನೀರನ್ನು ಕುಡಿಯುತ್ತಿದ್ದರು. ಊಟವಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಅದನ್ನೂ ಕುಡಿಯುತ್ತಿದ್ದರು. ಪ್ರಸಾದದ ಒಂದು ಅಗುಳೂ ನೆಲಕ್ಕೆ ಹೋಗಬಾರದು. ಮೊದಲ ಸಲ ನೋಡಿದಾಗ ನನಗೆ ವಾಕರಿಕೆ ಬಂದಂತಾಗಿತ್ತು. ಪೂಜೆಯ ಕೊನೆಯಲ್ಲಿ ನಮ್ಮ ಗುರುಗಳು ಪಾತ್ರೆಗೆ ನೀರು ಹಾಕಿ ತೊಳೆದು ಕುಡಿಯುವುದೂ ಅದೇ ಎಂದು ನನಗೆ ಹೊಳೆದಿರಲಿಲ್ಲ.

ಆ ಸೋಮವಾರ. ದೊಡ್ಡಮ್ಮ ಶಿಲುಬೆ ಗುರುತು ಹಾಕಿಕೊಂಡು ಗಂಟು ಬಿಚ್ಚಿದಳು. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ, ಆ ದಿನ ಒಂದು ಮಾತನ್ನೂ ಆಡಿರಲಿಲ್ಲ. ನೀಲಾ ಬೋಗುಣಿ ತುಂಬಿ ನನ್ನ ಎದುರಿಗೆ, ಗಿಡದ ಆಚೆ ಬದಿಗೆ ಸರಿದು ನಿಂತಳು. ದೊಡ್ಡಮ್ಮ ಬಟ್ಟೆಗಳನ್ನು ಒಂದೊಂದಾಗಿ ಅದ್ದಿ, ಉಜ್ಜದೆ, ಒತ್ತಿ ಒತ್ತಿ ಹಿಂಡಿ ಬಕೆಟ್ಟಿಗೆ ಹಾಕಿದಳು. ಆಮೇಲೆ ಬೋಗುಣಿ ಎತ್ತಿಕೊಂಡು ಗಿಡದ ಹತ್ತಿರ ಬಂದು ಬಾಗಿಸಿದಳು.

"ದೊಡ್ಡಮ್ಮ, ಇವತ್ತೂ ಚೆಲ್ತೀರಾ?" ನೀಲಾ ಕೇಳಿದಳು.

ದೊಡ್ಡಮ್ಮ ಮಾತಾಡುವಂತಿರಲಿಲ್ಲ. ಹೌದೆಂದು ತಲೆಯಾಡಿಸಿದಳು.

ನೀಲಾ ಬಲಗೈಯನ್ನು ಗುಳಿ ಮಾಡಿ, ಅದರ ಕೆಳಗೆ ಎಡಗೈ ಆನಿಸಿ, ಬೋಗುಣಿಯ ಅಂಚಿಗೆ ಒಡ್ಡಿದಳು. ಮೊದಲು ಬಿದ್ದ ನೀರು ನೆಲಕ್ಕೆ ಬೀಳಲಿಲ್ಲ. ಅದನ್ನು ಕಣ್ಣುಮುಚ್ಚಿ ಕುಡಿದಳು. ಬೆರಳಿಗೆ ಅಂಟಿದ್ದನ್ನು ಚೀಪಿದಳು. ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡಳು. ಯಾವುದರಲ್ಲೂ ಅವಸರವಿರಲಿಲ್ಲ.

ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕಾದೆ.

ದೊಡ್ಡಮ್ಮ ಉಳಿದ ನೀರನ್ನು ಗಿಡಕ್ಕೆ ಸುರಿದು ಬೋಗುಣಿಯನ್ನು ಕೆಳಗಿಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಚರ್ಚಿನಲ್ಲಿ ಎಳೆದುಕೊಳ್ಳುವ ಹಾಗೆ. ಒಗೆಯುವ ಕಲ್ಲನ್ನು ಹಿಡಿದುಕೊಂಡು, ಸೊಂಟನೋವಿಗೆ ಒಮ್ಮೆ ನಿಂತು, ಮತ್ತೆ ಬಗ್ಗಿ, ಒದ್ದೆ ಸಿಮೆಂಟು ನೆಲದ ಮೇಲೆ ಎರಡೂ ಮಂಡಿ ಊರಿದಳು. ನೀಲಾಳ ಎದುರಿಗೆ. ಕೈ ಮುಗಿದಳು.

ನೀಲಾ ಅಳುವ ದನಿಯಲ್ಲಿ "ತಪ್ಪು ಮಾಡಿದ್ನಾ?" ಎಂದಳು.

"ಅಲ್ಲಾಡ್ಬೇಡ ಕಂದ. ಸ್ವಲ್ಪ ಹೊತ್ತು ಹಂಗೇ ನಿಂತ್ಕೋ."

ದೊಡ್ಡಮ್ಮನ ತುಟಿ ಅಲ್ಲಾಡುತ್ತಿತ್ತು. ಅವಳು ನೋಡುತ್ತಿದ್ದದ್ದು ನೀಲಾಳ ಮುಖವನ್ನಲ್ಲ, ಎದೆಯ ನೇರಕ್ಕೆ. ಪೂಜೆಯಲ್ಲಿ ಪ್ರಸಾದವನ್ನು ಎತ್ತಿ ಹಿಡಿದಾಗ ಅವಳು ಹಾಗೆ ನೋಡುವುದನ್ನು ನಾನು ಕಂಡಿದ್ದೆ. ಮನುಷ್ಯರನ್ನು ಹಾಗೆ ನೋಡಿದ್ದನ್ನು ಕಂಡಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಎದ್ದ ಉರಿ ಯಾವುದೆಂದು ನನಗೆ ಸರಿಯಾಗಿ ಗೊತ್ತಿತ್ತು.

ಗುರಮ್ಮಜ್ಜಿ ತಮ್ಮ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. "ಏನಾಯ್ತು ಜ್ಞಾನಮ್ಮ? ಜಾರಿಬಿದ್ರಾ?" ಎಂದು ಎದ್ದು ಬಂದರು.

"ಬಿದ್ದಿಲ್ಲ ಗುರಮ್ಮನೋರೇ." ದೊಡ್ಡಮ್ಮ ಅವರ ಕೈ ಹಿಡಿದೇ ಮೇಲೆದ್ದಳು. ನಡೆದದ್ದನ್ನು ಹೇಳಿದಳು.

ಅಜ್ಜಿ ಮೊಮ್ಮಗಳ ಗದ್ದ ಎತ್ತಿ ನೋಡಿದರು. "ನೆಲಕ್ಕೆ ಬೀಳ್ಸಿಲ್ಲ ತಾನೆ?"

"ಇಲ್ಲಜ್ಜಿ."

"ಹಾಗಾದ್ರೆ ಸರಿ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಕೇಳಿದರು. "ಸೋಪು ಹಾಕಿರ್ಲಿಲ್ಲ ತಾನೆ?"

"ಮೊದಲ್ನೇ ನೀರಿಗೆ ಹಾಕಲ್ಲ."

ಅವರು ನೀಲಾಳನ್ನು ಒಳಗೆ ಕರೆದುಕೊಂಡು ಹೋದರು. ನಾವಿಬ್ಬರೇ ಉಳಿದೆವು. ನಾನು ತಡೆಯದಾದೆ.

"ನಾನೂ ಪ್ರತಿ ಭಾನುವಾರ ಪ್ರಸಾದ ತಗೊಳ್ತೀನಲ್ಲ ದೊಡ್ಡಮ್ಮ. ನನ್ನ ಮುಂದೆ ಯಾವತ್ತಾದ್ರೂ ಮಂಡಿ ಊರಿದ್ಯಾ?"

"ತಗೊಂಡ್ಮೇಲೆ ನೀನೆಲ್ಲಿ ಸಿಗ್ತೀಯ? ಬೋಂಡಾ ಅಂಗಡಿ ಮುಂದೆ ಮಂಡಿ ಊರ್ಲಾ?"

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬಟ್ಟೆಗೆ ಸೋಪು ಹಚ್ಚಲು ಕೂತಳು. ಸ್ವಲ್ಪ ಹೊತ್ತಾದ ಮೇಲೆ ತನಗೇ ಎಂಬಂತೆ, "ಪುಡಿ ಇತ್ತೋ ಇಲ್ವೋ ನಂಗೇನು ಗೊತ್ತು. ಇದ್ದಿದ್ರೆ?" ಎಂದಳು.

ಮಾರನೆಯ ದಿನ ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ಹೋಗಿ ಗುರುಗಳಿಗೆ ಎಲ್ಲವನ್ನೂ ಒಪ್ಪಿಸಿದಳು. ಅವರು ಹೊಸಬರು, ಚಿಕ್ಕ ವಯಸ್ಸು, ಒಳ್ಳೆಯವರು. ನಗಲಿಲ್ಲ. "ಮಗು ತಪ್ಪು ಮಾಡಿಲ್ಲ, ನೀವೂ ಮಾಡಿಲ್ಲ ಅಮ್ಮ. ಆದ್ರೆ ಆ ಮೊದಲ್ನೇ ನೀರಿನ ಕೆಲಸ ನಮ್ದು. ಇನ್ಮೇಲೆ ನಾನೇ ಇಲ್ಲಿ ಅದ್ದಿ ತೆಗೆದುಕೊಡ್ತೀನಿ, ನೀವು ಮನೇಲಿ ಒಗೀರಿ" ಎಂದರು. ಹಳೆಯ ಕ್ರಮವೂ ಅದೇ ಆಗಿತ್ತಂತೆ. ದೊಡ್ಡಮ್ಮ "ಆಗಲಿ ಸ್ವಾಮಿ" ಎಂದಳು.

ಪಾಸ್ಕದ ಮರುದಿನ ಅವಳು ಕೊಟ್ಟ ಮಾತಿನಂತೆ ಗಂಟನ್ನು ನನ್ನ ಮಡಿಲಿಗೆ ಹಾಕಿದಳು. "ತಗೋ ಲೂರ್ದು. ನೀನೇ ಒಗಿ."

ಬಿಚ್ಚಿದೆ. ಬಟ್ಟೆಗಳು ಆಗಲೇ ಒದ್ದೆಯಾಗಿದ್ದವು. ಮೊದಲನೇ ನೀರನ್ನು ಚರ್ಚಿನಲ್ಲೇ ತೆಗೆದಿದ್ದರು. ಇದರಲ್ಲಿ ಇನ್ನೇನೂ ಇಲ್ಲ, ಬಟ್ಟೆಯಷ್ಟೇ. ನಾನು ಮಾತಿಲ್ಲದೆ ಒಗೆದೆ. ಮಾತಾಡಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ನೀಲಾ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು, ತಲೆ ಎತ್ತಿ ಸಹ ನೋಡಲಿಲ್ಲ.

ಈಗಲೂ ನಾನು ಅದೇ ಚರ್ಚಿಗೆ ಹೋಗುತ್ತೇನೆ. ಕಟಕಟೆ ತೆಗೆದು ಬಹಳ ಕಾಲವಾಯಿತು. ಅದರ ಮೇಲೆ ಹಾಸುತ್ತಿದ್ದ ಬಿಳಿ ಬಟ್ಟೆಯ ಅಡಿಯಲ್ಲಿ ಕೈ ಇಟ್ಟು, ಮಂಡಿ ಊರಿ, ಪ್ರಸಾದಕ್ಕೆ ನಾಲಿಗೆ ಚಾಚುತ್ತಿದ್ದೆವು. ಗದ್ದದ ಕೆಳಗೆ ತಟ್ಟೆಯ ತಣ್ಣನೆಯ ಅಂಚು ತಾಗುತ್ತಿತ್ತು. ಈಗ ಸಾಲಿನಲ್ಲಿ ನಿಂತು ಕೈಯಲ್ಲಿ ತೆಗೆದುಕೊಂಡು ನಡೆಯುತ್ತೇವೆ. ಹಾಡಿನ ಸಾಲುಗಳು ಗೋಡೆಯ ಪರದೆಯ ಮೇಲೆ ಓಡುತ್ತವೆ. ಯಾರದೋ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತದೆ. ಅಂಗೈಯಲ್ಲಿ ಪುಡಿ ಉಳಿಯಿತೇ ಎಂದು ನೋಡಿಕೊಳ್ಳುವವರು ಕಡಿಮೆ. ಇದು ತಪ್ಪೆಂದು ನಾನು ಹೇಳಲಾರೆ, ನಾನೂ ಆ ಸಾಲಿನಲ್ಲಿದ್ದೇನೆ. ಈಚೆಗೆ ಕಾಲೇಜಿನ ನಾಲ್ಕೈದು ಹುಡುಗ ಹುಡುಗಿಯರು ಬರುತ್ತಾರೆ. ಹುಡುಗಿಯರ ತಲೆಯ ಮೇಲೆ ಮುಸುಕು. ತಮ್ಮ ಸರದಿ ಬಂದಾಗ ಗ್ರಾನೈಟಿನ ಮೇಲೆ ಥಟ್ಟನೆ ಮಂಡಿ ಊರಿ ನಾಲಿಗೆಯ ಮೇಲೆ ತೆಗೆದುಕೊಳ್ಳುತ್ತಾರೆ. ಹಿಂದಿನವರು ಮುಗ್ಗರಿಸಿ ಗೊಣಗುತ್ತಾರೆ. ನನ್ನ ಮಂಡಿ ಈಗ ಬಗ್ಗುವುದಿಲ್ಲ. ಅವರನ್ನು ನೋಡಿದಾಗ ಅದೇ ಹಳೆಯ ಉರಿ, ಅದೇ ಜಾಗದಲ್ಲಿ ಏಳುತ್ತದೆ. ನಾನು ಕಳೆದುಕೊಂಡದ್ದು ಕಟಕಟೆಯನ್ನಲ್ಲ. 'ಇದ್ದಿದ್ದರೆ?' ಎಂದು ಕೇಳಿಕೊಂಡು ಸಿಮೆಂಟಿನ ಮೇಲೆ ಮಂಡಿ ಊರುವ ಮನಸ್ಸನ್ನು ಹತ್ತಿರದಿಂದ ನೋಡಿದೆ, ಅದು ನನಗೆ ಬರಲಿಲ್ಲ.

ಇದನ್ನು ಬರೆಯುವ ಮುನ್ನ, ನನ್ನ ನೆನಪು ಸರಿಯೇ ಎಂದು ನೀಲಾಳಿಗೆ ಫೋನು ಮಾಡಿದೆ.

"ಅಯ್ಯೋ, ಅದನ್ನ ಈಗ ಕೇಳ್ತೀಯಲ್ಲೇ! ನೀರಿಗೆ ಸ್ವಲ್ಪ ಗಂಜಿ ವಾಸನೆ ಇತ್ತು ಕಣೆ. ನಿಮ್ಮ ದೊಡ್ಡಮ್ಮ ಮಂಡಿ ಊರಿದಾಗ ನಂಗೆ ಹೆದರಿ ಉಚ್ಚೆ ಬಂದಂಗಾಗಿತ್ತು. ಅಲ್ಲಾಡ್ಬೇಡ ಅಂದ್ರಲ್ಲ, ಅದಕ್ಕೇ ನಿಂತಿದ್ದೆ."

"ಯಾಕೆ ಕುಡಿದೆ?"

"ದೇವರು ಇದಾನೆ ಅಂತ ನೀನೇ ಹೇಳಿದ್ಯಲ್ಲ. ನಂಬಿದೆ."

ಅವಳು ನಕ್ಕಳು. ನನಗೆ ನಗಲು ಆಗಲಿಲ್ಲ.

ಗುರಮ್ಮಜ್ಜಿ ತೀರಿಕೊಂಡರು, ಅವರಾದ ಮೇಲೆ ದೊಡ್ಡಮ್ಮ. ಅಂದು ಅಂಗಳದಲ್ಲಿದ್ದವರಲ್ಲಿ ಈಗ ಉಳಿದಿರುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ನೀಲಾ, ಹನುಮಂತನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕೇಳಿದರೆ ಹೇಳುತ್ತಾಳೆ.