ಮೂರನೆಯ ಶಿಫಾರಸು ಪತ್ರ

ಬಟ್ಟೆಯ ವಿನ್ಯಾಸ ಕಲಿಸುವ ಕಾಲೇಜಿಗೆ ನಾನು ಅರ್ಜಿ ಹಾಕಿದಾಗ ಅವರು ಕೇಳಿದ್ದು ಎರಡೇ ಶಿಫಾರಸು ಪತ್ರ. ಹೆಡ್‌ಮಾಸ್ಟರು ಒಂದು ಕೊಟ್ಟರು, ಕ್ಲಾಸ್ ಟೀಚರು ಇನ್ನೊಂದು. ಎರಡರಲ್ಲೂ ನಾನು ಶ್ರಮಜೀವಿ, ವಿಧೇಯಳು. ನರ್ಸಿಂಗಿಗೆ ಹೊರಟಿದ್ದ ನನ್ನ ಗೆಳತಿಯ ಪತ್ರದಲ್ಲೂ ಅವೇ ಪದಗಳಿದ್ದವು. ಅರ್ಜಿಯ ಕೊನೆಗೆ ಸಣ್ಣ ಅಕ್ಷರದ ಒಂದು ಸಾಲಿತ್ತು: ನಿಮ್ಮನ್ನು ಚೆನ್ನಾಗಿ ಬಲ್ಲ ಮತ್ತೊಬ್ಬರ ಪತ್ರವನ್ನು ಬೇಕಿದ್ದರೆ ಸೇರಿಸಬಹುದು.

ನಾಲ್ಕೈದು ದಿನ ಆ ಸಾಲಿನೊಳಗೇ ಓಡಾಡಿಕೊಂಡಿದ್ದೆ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಕೈ ಹಾಗೇ ನಿಲ್ಲುತ್ತಿತ್ತು. ನನ್ನನ್ನು ಚೆನ್ನಾಗಿ ಬಲ್ಲವರು ಯಾರು? ಅಪ್ಪ, ಅಮ್ಮ ಇಬ್ಬರೂ ಮಗ್ಗದ ಮೇಲಿರುವವರು. ಮನೆಯವರ ಮಾತು ಅರ್ಜಿಗೆ ನಡೆಯುವುದಿಲ್ಲ. ಕೊನೆಗೆ ನೆನಪಾದವರು ಆರರಿಂದ ಎಂಟನೆಯ ತರಗತಿಯವರೆಗೆ ವಿಜ್ಞಾನ ಹೇಳಿಕೊಟ್ಟ ಮಿಸ್. ಒಮ್ಮೆ ನಾನು ಬಿಡಿಸಿದ್ದ ಹುಣಸೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ತಲೆಯ ಮೇಲೆ ಕೈಯಿಟ್ಟಿದ್ದರು. ಅವರೀಗ ವಾಲ್ಪಾರೈಯಲ್ಲಿ, ಟೀ ತೋಟದ ಶಾಲೆಯೊಂದರಲ್ಲಿದ್ದರು. ಫೋನ್ ಮಾಡಿ ಹೆಸರು ಹೇಳಿದ ಕೂಡಲೇ, "ನೀನಾ! ಬಾ, ಬರೆದಿಟ್ಟಿರ್ತೀನಿ" ಎಂದು ತಮಿಳಿನಲ್ಲಿ ಅಂದರು.

ಭಾನುವಾರ ಬೆಳಿಗ್ಗೆ ಅಮ್ಮನೂ ನಾನೂ ಕೊಯಮತ್ತೂರಿನಿಂದ ಹೊರಟು ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಿದೆವು. ಘಟ್ಟದಲ್ಲಿ ನನಗೆ ತೂಕಡಿಕೆ. ಒಮ್ಮೆ ಕಣ್ಣು ಬಿಟ್ಟರೆ ಕೆಳಗೆ ಅಣೆಕಟ್ಟಿನ ನೀರು ಕೈಗನ್ನಡಿಯಷ್ಟಾಗಿತ್ತು. ಇನ್ನೊಮ್ಮೆ ಬಿಟ್ಟರೆ ನೀರೂ ಇಲ್ಲ, ರಸ್ತೆಯೂ ಇಲ್ಲ, ಬರೀ ಮಂಜು. ಬಸ್ಸು ನಿಂತಲ್ಲೇ ನಿಂತು ಬೆಟ್ಟವೇ ನಮ್ಮ ಸುತ್ತ ನಿಧಾನವಾಗಿ ತಿರುಗುತ್ತಿದೆ ಅನ್ನಿಸಿತು. ಅಮ್ಮ ಬೆಟ್ಟ ಹತ್ತಿದ್ದು ಅದೇ ಮೊದಲು. ಸೆರಗನ್ನು ತಲೆಗೆ ಸುತ್ತಿಕೊಂಡು ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಿದ್ದರು.

ಮಿಸ್ ಮನೆ ಟೀ ಗಿಡಗಳ ನಡುವೆ, ತಗಡಿನ ಸೂರಿನದು. ನಮ್ಮನ್ನು ಕೂರಿಸಿ, ಪತ್ರವನ್ನು ಕೈಗಿತ್ತು ಟೀ ತರಲು ಒಳಗೆ ಹೋದರು. ಪತ್ರ ಇಂಗ್ಲಿಷಿನಲ್ಲಿತ್ತು. ಈ ಹುಡುಗಿ ಶಾಲೆಯ ಹಿಂದೆ ಬೇವಿನ ಸಸಿ ನೆಟ್ಟಳು, ಬೇಸಿಗೆ ರಜೆಯಲ್ಲೂ ದಿನಾ ಬಂದು ನೀರೆರೆದಳು ಎಂದು ಬರೆದಿದ್ದರು. ಮತ್ತೆ ಮೊದಲಿನಿಂದ ಓದಿದೆ.

"ಯಾಕೆ, ಮುಖ ಹಂಗಾಯ್ತು?" ಅಮ್ಮ ಕನ್ನಡದಲ್ಲಿ ಪಿಸುಗುಟ್ಟಿದರು. ಹೊರಗೆಲ್ಲ ತಮಿಳು, ಗುಟ್ಟಿನ ಮಾತಿದ್ದರೆ ನಮಗೆ ಕನ್ನಡ.

"ಇದು ನಾನಲ್ಲಮ್ಮ. ಬೇವು ನೆಟ್ಟಿದ್ದು ನನ್ನ ಹೆಸರಿನ ಬೇರೆ ಹುಡುಗಿ. ಈ ಮಿಸ್‌ಗೆ ನಾನು ನೆನಪೇ ಇಲ್ಲ."

"ಸುಮ್ನಿರು. ನಲ್ಲಾ ಬರ್ದವ್ರೆ, ಚೆಂದಾಗೈತೆ. ಎತ್ಕೊಂಡು ಹೋಗಾಣ."

"ಹಂಗಾದ್ರೆ ನೀನು ಯಾರಮ್ಮ?" ಬಾಗಿಲಲ್ಲಿ ಟೀ ತಟ್ಟೆ ಹಿಡಿದು ಮಿಸ್ ನಿಂತಿದ್ದರು. ಕೇಳಿದ್ದು ಕನ್ನಡದಲ್ಲಿ!

ಅಮ್ಮ ದಡಬಡಿಸಿ ಎದ್ದರು. "ಅಯ್ಯೋ, ತಪ್ಪು ತಿಳ್ಕೋಬೇಡಿ. ನೀವು ನಮ್ಮೋರಂತ ಗೊತ್ತಾಗ್ಲಿಲ್ಲ."

"ಕುಂತ್ಕೊಳಿ ಅಕ್ಕ. ನಮ್ದೂ ಮನೇಲಿ ಇದೇ ಮಾತು. ಇಸ್ಕೂಲಲ್ಲಿ ಯಾರ ಹತ್ರ ಆಡೋದು?" ಮಿಸ್ ನಕ್ಕು ನನ್ನ ಕಡೆ ತಿರುಗಿದರು. "ತಪ್ಪು ನಂದು. ನೀನು ಹೇಳು. ಮೂರು ವರ್ಷ ನನ್ನ ಕ್ಲಾಸಲ್ಲಿ ಏನು ಮಾಡ್ತಿದ್ದೆ?"

ನಾಚಿಕೆಯಾಯಿತು. "ಕಿಟಕಿಯಿಂದ ಆಚೆ ನೋಡ್ತಿದ್ದೆ ಮಿಸ್."

"ಏನನ್ನ?"

ಶಾಲೆಯ ಪಕ್ಕದ ಬೀದಿಯಲ್ಲಿ ನೇಯುವವರು ಬಣ್ಣದ ನೂಲನ್ನು ಉದ್ದಕ್ಕೆ ಎಳೆದು ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಒಂಬತ್ತೂವರೆಗೆ ಒದ್ದೆ ಕೆಂಪು ಕಪ್ಪಾಗಿ ಕಾಣುತ್ತದೆ, ಎರಡನೆಯ ಪೀರಿಯಡ್ಡಿಗೆ ದಾಳಿಂಬೆಯಾಗುತ್ತದೆ, ಊಟದ ಬೆಲ್ಲಿಗೆ ಸರಿಯಾಗಿ ಅದರ ನಿಜವಾದ ಬಣ್ಣ ಬರುತ್ತದೆ ಎಂದೆ. ಮೋಡವಿದ್ದ ದಿನ ನೀಲಿ ನೂಲು ಗಾಳಿಯಲ್ಲಿ ಅಲುಗುತ್ತಿದ್ದರೆ ಬೀದಿಯೇ ಹೊಳೆಯಾಗಿ ಹರಿದಂತೆ ಕಾಣುತ್ತಿತ್ತು ಎಂದೆ. ಯಾರಿಗೂ ಹೇಳಿರದ ಮಾತುಗಳು ತಾವಾಗಿ ಬರುತ್ತಿದ್ದವು. ಟೀ ಆರಿತು. ಅಮ್ಮ ನನ್ನನ್ನು ಹೊಸಬಳಂತೆ ನೋಡುತ್ತಿದ್ದರು.

ಮಿಸ್ ಮೊದಲ ಪತ್ರವನ್ನು ಹರಿದು, ಅಲ್ಲೇ ಕೂತು ಬೇರೆ ಬರೆದರು. ಇಳಿಯುವ ಬಸ್ಸಿನಲ್ಲಿ ಅದನ್ನು ಅಮ್ಮನಿಗೆ ನಮ್ಮ ಮಾತಿನಲ್ಲೇ ಓದಿ ಹೇಳಿದೆ: "ಮೂರು ವರ್ಷ ಈ ಹುಡುಗಿ ನನ್ನ ಪಾಠ ಕೇಳಲಿಲ್ಲ. ಅದಕ್ಕಿಂತ ಒಳ್ಳೆಯದೊಂದನ್ನು ನೋಡುತ್ತಿದ್ದಳು. ಆಗ ನಾನು ಕೇಳಲಿಲ್ಲ, ನೀವಾದರೂ ಕೇಳಿ."

ಮೂರೂ ಪತ್ರ ಕಳಿಸಿದೆ. ಸೀಟು ಸಿಕ್ಕಿತು. ಸಂದರ್ಶನದಲ್ಲಿ ಯಾರೂ ಆ ಪತ್ರದ ಸುದ್ದಿ ಎತ್ತಲಿಲ್ಲ. ಕೊನೆಯ ವರ್ಷ, ಹೊಸ ಅರ್ಜಿಗಳನ್ನು ಜೋಡಿಸಲು ನಮ್ಮನ್ನು ಆಫೀಸಿಗೆ ಕರೆದಾಗ, ಹೆಚ್ಚುವರಿ ಪತ್ರಗಳನ್ನು ಎಲ್ಲಿಡಲಿ ಎಂದು ಗುಮಾಸ್ತೆಯನ್ನು ಕೇಳಿದೆ. "ಪಕ್ಕಕ್ಕಿಡಮ್ಮ. ಅವನ್ನು ಯಾರೂ ಓದಲ್ಲ" ಎಂದರು.

ಆ ಸಂಜೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ.

"ನಾನು ಕೇಳಿಸ್ಕೊಂಡ್ನಲ್ಲ" ಎಂದರು ಅಮ್ಮ. ಆಮೇಲೆ, ಅನ್ನ ಉಕ್ಕುತ್ತಿದೆ ಎಂದು ಫೋನ್ ಇಟ್ಟರು.